ವಂದನಾರ್ಪಣೆ ನಿಂದೇ

ಪ್ಲಾಸ್ಟಿಕ್ ಕುರ್ಚಿಯನ್ನು ನೆಲದ ಮೇಲೆ ಹಿಂದಕ್ಕೆ ತಳ್ಳಿದಾಗ ಹೊರಡುವ ಆ ಕರಕರ ಸದ್ದನ್ನು ನೀವೂ ಕೇಳಿರುತ್ತೀರಿ. ಯಾವ ಸಭೆಗೇ ಹೋಗಿ, ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಮುಖ್ಯ ಅತಿಥಿಗಳ ಎರಡು ಮಾತು, ಅಧ್ಯಕ್ಷರ ಇನ್ನೂರು ಮಾತು ಎಲ್ಲ ಮುಗಿದು, ನಿರೂಪಕರು ‘ಈಗ ವಂದನಾರ್ಪಣೆ’ ಎಂದ ಮರುಕ್ಷಣವೇ ಆ ಸದ್ದು ಮುಂದಿನ ಸಾಲಿನಲ್ಲಿ ಹುಟ್ಟಿ ಹಿಂದಿನ ಸಾಲಿನವರೆಗೂ ಹಬ್ಬುತ್ತದೆ. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕಾಫಿಯ ಘಮ ಬಂದಿರುತ್ತದೆ, ಚಪ್ಪಲಿ ಹುಡುಕುವವರು ಚಪ್ಪಲಿ ಹುಡುಕುತ್ತಿರುತ್ತಾರೆ, ಮೈಕಿನ ಮುಂದೆ ನಿಂತ ಬಡಪಾಯಿ ಮಾತ್ರ ಶಾಮಿಯಾನದವರಿಗೂ ಮೈಕಿನವರಿಗೂ ಕೃತಜ್ಞತೆ ಸಲ್ಲಿಸುತ್ತಲೇ ಇರುತ್ತದೆ. ಕೆಲವು ವರ್ಷಗಳಿಂದ ಆ ಬಡಪಾಯಿ ನಾನು. ಆ ಸದ್ದಿನ ಮೇಲೆ ನನಗಿದ್ದಷ್ಟು ಸಿಟ್ಟು ಇನ್ನಾರಿಗೂ ಇದ್ದಿರಲಾರದು.

ನನ್ನ ಮನೆ ಹೊಸ ತಿಪ್ಪಸಂದ್ರದಲ್ಲಿ, ಕೆಲಸ ಇಂದಿರಾನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಶಿವಾಜಿನಗರದ ಬಟ್ಟೆ ಅಂಗಡಿಗಳ ಮೇಲಿನ ಮಹಡಿಯಲ್ಲಿ ಹಳೆಯ ದತ್ತಿಸಂಸ್ಥೆಯೊಂದು ಹೆಣ್ಣುಮಕ್ಕಳಿಗಾಗಿ ಓದುವ ಕೋಣೆ ನಡೆಸುತ್ತದೆ. ಭಾನುವಾರಗಳಲ್ಲಿ ಅಲ್ಲಿಗೆ ಹೋಗಿ, ಮನೆಯಲ್ಲಿ ದಖನಿ ಉರ್ದು ಆಡುವ ಹುಡುಗಿಯರಿಗೆ ಪರೀಕ್ಷೆಯ ಕನ್ನಡ ಹೇಳಿಕೊಡುವುದು ನನ್ನ ಖುಷಿಯ ಕೆಲಸವಾಗಿತ್ತು. ಒಂದು ದಿನ ಸಂಸ್ಥೆಯ ಅಧ್ಯಕ್ಷರಿಗೆ ಯುವಜನರು ಮುಂದೆ ಬರಬೇಕೆಂಬ ಆಸೆ ಹುಟ್ಟಿತು. ಕಣ್ಣಿಗೆ ಬಿದ್ದವಳು ನಾನೊಬ್ಬಳೇ ಆದ್ದರಿಂದ ನನ್ನನ್ನೇ ಟ್ರಸ್ಟಿ ಮಾಡಿದರು. ಸಂಬಳವಿಲ್ಲದ ಹುದ್ದೆಯೆಂದು ತಿಳಿದ ಮೇಲೂ ಅಮ್ಮ ಮಾರ್ಕೆಟ್ ರಸ್ತೆಯ ಉದ್ದಕ್ಕೂ ಸುದ್ದಿ ಹಂಚಿಕೊಂಡು ಬಂದಳು. ಸಹಿ ಹಾಕುವಾಗ ವಕೀಲರು, ಟ್ರಸ್ಟಿಗಳಲ್ಲಿ ದೊಡ್ಡವರು ಚಿಕ್ಕವರು ಅಂತಿಲ್ಲ, ಎಡವಟ್ಟಾದರೆ ಎಲ್ಲರೂ ಸಮನಾಗಿ ಹೊಣೆ ಎಂದು ಬಿಡಿಸಿ ಹೇಳಿದರು. ಸಮ ಎಂಬ ಆ ಮಾತು ಕೇಳಿ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಸಭೆ ಸೇರುವುದು ಕುಕ್ ಟೌನಿನಲ್ಲಿ, ಅಧ್ಯಕ್ಷರ ಬಂಗಲೆಯ ಹಜಾರದಲ್ಲಿ. ಅಲ್ಲೊಂದು ರೂಢಿಯಿದೆ: ಅಭಿಪ್ರಾಯ ಕೇಳುವುದು ವಯಸ್ಸಿನ ಕ್ರಮದಲ್ಲಿ, ಹಿರಿಯರಿಂದ ಶುರುವಾಗಿ ಕಿರಿಯರ ಕಡೆಗೆ. ನೋಡಲು ಎಷ್ಟು ಚಂದದ ಸಂಪ್ರದಾಯ! ಆದರೆ ಮಾತು ನನ್ನ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ತೀರ್ಮಾನವಾಗಿ, ಬರೆದಾಗಿ, ಕಾಫಿಯೂ ಬಂದಾಗಿರುತ್ತದೆ. ಉಳಿದದ್ದು ಕೃತಜ್ಞತೆ, ಅದನ್ನು ನನಗೆ ಬಿಡುತ್ತಾರೆ. ಹೊಣೆ ಹೊರಲು ನಾನು ಅವರ ಸಮ, ಬಾಯಿ ತೆರೆಯಲು ಮಗು. ಅವರು ಕೆಟ್ಟವರಾಗಿದ್ದರೆ ಜಗಳವಾದರೂ ಸುಲಭವಾಗುತ್ತಿತ್ತು. ಅವರೋ ತಟ್ಟೆಗೆ ಇನ್ನೊಂದು ಬಿಸ್ಕತ್ತು ಹಾಕುವವರು, ಊಟ ಆಯ್ತಾ ಎಂದು ವಿಚಾರಿಸುವವರು. ಅಕ್ಕರೆಯಿಂದ ತಲೆ ಸವರುವ ಕೈಯೇ ತಲೆಯನ್ನು ಕೊಂಚ ಕೆಳಕ್ಕೂ ಒತ್ತುತ್ತಿರುತ್ತದೆ ಎಂಬುದು ನನಗೆ ಹೊಳೆದದ್ದು ಆ ಹಜಾರದಲ್ಲಿ.

ಈ ಬಾರಿಯ ಸಭೆಯಲ್ಲಿ, ಹೆಣ್ಣುಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಓದುವ ಕೋಣೆಯನ್ನು ಸಂಜೆ ಆರಕ್ಕೇ ಮುಚ್ಚಬೇಕೆಂಬ ವಿಷಯ ಬಂತು. ಅಲ್ಲಿಯವರೆಗೆ ಒಂಬತ್ತರವರೆಗೂ ತೆರೆದಿರುತ್ತಿದ್ದ ಕೋಣೆ ಅದು. ಕತ್ತಲಾದ ಮೇಲೆ ಶಿವಾಜಿನಗರದಂಥ ಜಾಗದಲ್ಲಿ ಹುಡುಗಿಯರು ಓಡಾಡುವುದು ಸರಿಯಲ್ಲ ಎಂದು ಒಬ್ಬರು ಹೇಳಿದರು, ಉಳಿದವರು ವಯಸ್ಸಿನ ಕ್ರಮದಲ್ಲಿ ತಲೆಯಾಡಿಸಿದರು. ನಾನು ನಡುವೆ ಬಾಯಿ ಹಾಕಿ, ಹುಡುಗಿಯರನ್ನು ಒಂದು ಮಾತು ಕೇಳಬಾರದೇ ಎಂದೆ. ಅಧ್ಯಕ್ಷರು ನಕ್ಕು, “ನೀನು ಕೊನೇಲಿ ಮಾತಾಡ್ತೀಯಲ್ಲಮ್ಮ, ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ನಿಂದೇ” ಎಂದರು. ಎಲ್ಲರೂ ನಕ್ಕರು. ವಾರ್ಷಿಕೋತ್ಸವದ ಮಾರನೆಯ ದಿನದಿಂದ ಹೊಸ ವೇಳೆ ಎಂದು ತೀರ್ಮಾನವಾಯಿತು.

ಶಿವಾಜಿನಗರದಂಥ ಜಾಗವಂತೆ! ಸಂಜೆ ಏಳರ ಹೊತ್ತಿಗೆ ಆ ಬೀದಿಯನ್ನು ನೀವು ನೋಡಬೇಕು: ಬಟ್ಟೆಯಂಗಡಿಗಳ ದೀಪಗಳೆಲ್ಲ ಉರಿಯುತ್ತಿರುತ್ತವೆ, ಬಸ್ ಸ್ಟ್ಯಾಂಡಿನ ಜನವೆಲ್ಲ ಅಲ್ಲೇ ಹರಿಯುತ್ತಿರುತ್ತದೆ, ಮೆಟ್ಟಿಲು ಹತ್ತುವ ಹುಡುಗಿ ಯಾರ ಮಗಳೆಂಬುದು ಕೆಳಗಿನ ನಾಲ್ಕು ಅಂಗಡಿಯವರಿಗೂ ಗೊತ್ತಿರುತ್ತದೆ. ನನಗೆ ಎದೆ ಢವಗುಟ್ಟುವುದು ಕುಕ್ ಟೌನಿನ ಸಭೆ ಮುಗಿಸಿ, ದೊಡ್ಡ ಮರಗಳ ಕೆಳಗೆ, ಮುಚ್ಚಿದ ಗೇಟುಗಳ ನಡುವೆ ಒಬ್ಬಳೇ ಆಟೋ ಹುಡುಕುವಾಗ. ಆದರೆ ಭಯ ಎಲ್ಲಿ ಹುಟ್ಟಬೇಕೆಂಬುದನ್ನೂ ಹಿರಿಯರೇ ತೀರ್ಮಾನಿಸುತ್ತಾರೆ.

ಅಫ್ರೀನ್ ಎಂಬ ಹುಡುಗಿಯಿದ್ದಾಳೆ, ಬಿ.ಕಾಂ. ಕೊನೆಯ ವರ್ಷ, ಕೋಣೆಯ ಕಿಟಕಿ ಪಕ್ಕದ ಕುರ್ಚಿ ಅವಳದು. ಬಾಗಿಲಿಗೆ ಅಂಟಿಸಿದ್ದ ಸೂಚನೆಯನ್ನು ಓದಿ ಅವಳು ಅಳಲಿಲ್ಲ, ರೇಗಲೂ ಇಲ್ಲ. “ಅಕ್ಕಾ, ಕಾಲೇಜು ಬಿಟ್ಟು ಬಸ್ ಹಿಡ್ದು, ಅಮ್ಮೀಗೆ ರೊಟ್ಟಿ ಮಾಡ್ಕೊಟ್ಟು ನಾನು ಇಲ್ಲಿಗೆ ಬರೋದೇ ಆರಕ್ಕೆ. ಮನೇಲಿ ಒಂದೇ ರೂಮು, ಟಿವಿ, ಹೊಲಿಗೆ ಮಿಷಿನ್ನು, ಬಂದೋರು ಹೋದೋರು, ಎಲ್ಲಾ ಅಲ್ಲೇ. ಎಕ್ಸಾಮಿಗೆ ಎಲ್ಲಿ ಓದ್ಲಿ?” ಎಂದಳು. ಅವಳಿಗೆ ಮದುವೆಯ ಮಾತು ಆಗಲೇ ಶುರುವಾಗಿತ್ತು. ಪಾಸಾದರೆ ಮುಂದೆ ಓದಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಅವಳ ಅಬ್ಬಾ ಹೇಳಿಬಿಟ್ಟಿದ್ದರು. ಅವಳನ್ನು ಕಾಪಾಡಲು ಹೊರಟವರು ಮುಚ್ಚುತ್ತಿದ್ದದ್ದು ಅವಳಿಗಿದ್ದ ಒಂದೇ ಬಾಗಿಲನ್ನು. ಸ್ವಂತ ಮನೆಯಲ್ಲಿ ಓದಲೆಂದೇ ಒಂದು ಕೋಣೆ ಇಟ್ಟುಕೊಂಡವರಿಗೆ ಇದನ್ನು ಹೇಗೆ ತಿಳಿಸುವುದೆಂದು ನಾನು ವಾರವಿಡೀ ಕುದಿದೆ.

ಕೃತಜ್ಞತೆ ದೊಡ್ಡ ಗುಣವೆಂದು ನಾನೂ ನಂಬಿದವಳೇ. ಆದರೆ ಅದು ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಏಕೆ ಹರಿಯಬೇಕು? ದಾನಿಗಳಿಗೆ ವಂದನೆ, ಗಣ್ಯರಿಗೆ ವಂದನೆ, ಬಿಡುವು ಮಾಡಿಕೊಂಡು ಬಂದವರಿಗೆ ವಂದನೆ. ಗಣ್ಯರ ಭಾಷಣಕ್ಕಾಗಿ ಪರೀಕ್ಷೆಯ ಓದು ಬಿಟ್ಟು ಹಿಂದಿನ ಸಾಲುಗಳಲ್ಲಿ ಕೂತ ಹುಡುಗಿಯರಿಗೆ ಈವರೆಗೆ ಯಾರಾದರೂ ವಂದಿಸಿದ್ದನ್ನು ನಾನು ಕಂಡಿಲ್ಲ. ಅವರಿದ್ದಾರೆಂದೇ ಸಂಸ್ಥೆಯಿದೆ, ಅಧ್ಯಕ್ಷರಿದ್ದಾರೆ, ನಾನು ಟ್ರಸ್ಟಿಯಾಗಿದ್ದೇನೆ.

ವಾರ್ಷಿಕೋತ್ಸವ ಓದುವ ಕೋಣೆಯಲ್ಲೇ ನಡೆಯಿತು. ನನ್ನ ಹೆಸರು ಕರೆದರು. ಮುಂದಿನ ಸಾಲಿನಲ್ಲಿ ಕರಕರ ಸದ್ದು ಎದ್ದಿತು, ಕಾಫಿ ಬಂತು. ನಾನು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ಕೊನೆಯಲ್ಲಿ ಮಾತಾಡು ಎಂದು ಅಧ್ಯಕ್ಷರೇ ಅಪ್ಪಣೆ ಕೊಟ್ಟಿದ್ದಾರೆ, ಆದ್ದರಿಂದ ಮಾತಾಡುತ್ತೇನೆ ಎಂದು ಶುರುಮಾಡಿದೆ. ಆಮೇಲೆ ಹೇಳಿದ್ದು ಇಷ್ಟೇ: “ನಾಳೆಯಿಂದ ಆರಕ್ಕೆ ಬಾಗಿಲು ಹಾಕ್ಬೇಕು ಅನ್ನೋ ತೀರ್ಮಾನಕ್ಕೆ ಟ್ರಸ್ಟಿಯಾಗಿ ನಾನು ಒಪ್ಪಿಲ್ಲ. ಇಲ್ಲಿ ಓದೋರನ್ನ ಯಾರೂ ಕೇಳಿಲ್ಲ. ಅವ್ರನ್ನ ಕೇಳೋವರೆಗೂ ನಾನು ಯಾರಿಗೂ ವಂದನೆ ಹೇಳಲ್ಲ.”

ಎದ್ದವರು ಎದ್ದಂತೆಯೇ ನಿಂತರು. ಆಗ ಮತ್ತೆ ಕುರ್ಚಿಗಳ ಸದ್ದು ಕೇಳಿತು, ಹಿಂದಿನ ಸಾಲುಗಳಿಂದ. ಹೋಯಿತು, ಹುಡುಗಿಯರೂ ಎದ್ದು ಹೊರಟರು ಎಂದುಕೊಂಡೆ. ಅವರು ಹೊರಟಿರಲಿಲ್ಲ. ಕುರ್ಚಿಗಳನ್ನು ಎಳೆದುಕೊಂಡು, ಗಣ್ಯರು ಬಿಟ್ಟೆದ್ದ ಜಾಗಕ್ಕೆ, ಮೈಕಿನ ಹತ್ತಿರ ಬಂದು ಕೂರುತ್ತಿದ್ದರು. ಅಧ್ಯಕ್ಷರು ಕಾಫಿಯ ಲೋಟ ಕೆಳಗಿಟ್ಟು, ಎದುರಿಗೇ ಬಂದು ಕೂತ ಅಫ್ರೀನಳ ಕಡೆ ತಿರುಗಿ, “ಎಷ್ಟು ಗಂಟೇವರೆಗೆ ಬೇಕಮ್ಮ ನಿಂಗೆ?” ಎಂದು ಕೇಳಿದರು.

“ಒಂಬತ್ತು, ಸರ್” ಎಂದಳು.

ಸೂಚನೆಯನ್ನು ಬಾಗಿಲಿನಿಂದ ಕಿತ್ತದ್ದಾಯಿತು. ಅಷ್ಟು ಚಿಕ್ಕದೊಂದು ಪ್ರಶ್ನೆ ಕೇಳಿಸಲು ಇಷ್ಟೆಲ್ಲ ಬೇಕಾಯಿತಲ್ಲ ಎಂಬ ನನ್ನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಮುಂದಿನ ವರ್ಷ ವಂದನಾರ್ಪಣೆಯನ್ನು ಬೇರೆಯವರಿಗೆ ಕೊಡುತ್ತಾರಂತೆ, ನನ್ನ ನಾಲಿಗೆ ಉದ್ದವಾಯಿತಂತೆ. ಕೊಡಲಿ. ಸಂಜೆ ಆರು ದಾಟಿದ ಮೇಲೆ ಆ ಮೆಟ್ಟಿಲ ಬುಡದಲ್ಲಿ ನಿಂತರೆ ಮಹಡಿಯಿಂದ ಅದೇ ಕರಕರ ಸದ್ದು ಕೇಳುತ್ತದೆ. ಯಾರೋ ಒಬ್ಬಳು ಓದಲು ಕುರ್ಚಿ ಎಳೆದುಕೊಳ್ಳುತ್ತಿದ್ದಾಳೆ.