ಕಾಲುಂಗುರಕ್ಕೆ ಜಾಗವಿಲ್ಲದ ಶೂ

ಹೊಸದುರ್ಗದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುವ ಪಲ್ಲವಿಯನ್ನು ಒಂದು ಕಾಲದಲ್ಲಿ ತುರುವನೂರಿನ ಹೈಸ್ಕೂಲಿನಲ್ಲಿ ಓಡಿ ಹಿಡಿಯುವವರೇ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ಓಡಿದ್ದೆಲ್ಲ ಕುಕ್ಕರ್ ಕೂಗಿದಾಗ, ಇಲ್ಲವೇ ನಲ್ಲಿಯಲ್ಲಿ ನೀರು ಬಿಟ್ಟಾಗ. ಚಿತ್ರದುರ್ಗದಲ್ಲಿ ಹೆಂಗಸರ ಓಟ ಇಟ್ಟಿದ್ದಾರೆ ಎಂದು ಪಕ್ಕದ ಮನೆಯ ಪಿ.ಟಿ. ಟೀಚರ್ ದಿವ್ಯಾ ಹೇಳಿದ್ದೇ ತಡ, ಮೆಷಿನ್ನಿನಿಂದ ಕಾಲು ತೆಗೆಯದೆಯೇ ಹೆಸರು ಕೊಟ್ಟುಬಿಟ್ಟಳು. ಬಹುಮಾನದ ಆಸೆ ಇರಲಿಲ್ಲ. ನಡುವೆ ಎಲ್ಲೂ ನಿಲ್ಲದೆ ಕೊನೆತನಕ ಓಡಬೇಕು, ಅಷ್ಟೇ.

ಮೊದಲ ದಿನ ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿಯಲ್ಲೇ ತೆಂಗಿನ ತೋಟದ ದಾರಿ ಹಿಡಿದಳು. ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಪಾಲಣ್ಣ ಬೈಕು ನಿಲ್ಲಿಸಿ, ಯಾರು ತೀರಿಕೊಂಡರು ಎಂದು ಕೇಳಿದ. ಯಾರೂ ಇಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದಳು. ಸುಮ್ಮನೆ ಓಡುವ ಹೆಂಗಸನ್ನು ಪಾಲಣ್ಣ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸೀದಾ ಅವಳ ಮನೆಗೆ ಹೋಗಿ, ಮಲಗಿದ್ದ ಗಂಡ ಪ್ರಭುಲಿಂಗನನ್ನು ಎಬ್ಬಿಸಿ, ಮೈ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿಯೇ ಹಾಲು ಅಳೆದನಂತೆ.

ಇದೆಲ್ಲ ಉಡುಗೆಯಿಂದಾದ ಎಡವಟ್ಟು ಎಂದಳು ದಿವ್ಯಾ. ಚೂಡಿದಾರ ಹಾಕು, ವೇಲ್ ಬೇಡ, ಒಳಗೆ ಬಿಗಿಯಾದ ಸ್ಪೋರ್ಟ್ಸ್ ಬ್ರಾ, ಕಾಲಿಗೆ ಒಳ್ಳೆಯ ಶೂ. ಪಲ್ಲವಿ ಅಂಗಡಿಗೇನೋ ಹೋದಳು. ಆದರೆ ಗಲ್ಲಾದಲ್ಲಿ ಕೂತಿದ್ದ ಮಾರುತೇಶ್ ಗಂಡನ ಜೊತೆ ಓದಿದವನು. ಕೇಳಲು ಹೋದದ್ದನ್ನು ಕೇಳಲಾಗದೆ ಒಂದು ಡಜನ್ ಕರ್ಚೀಫು ಕೊಂಡು ಬಂದಳು. ಊರಿನ ಅರ್ಧ ಹೆಂಗಸರ ಎದೆಯಳತೆ ಬಾಯಿಪಾಠವಿರುವ ತನಗೇ ನಾಚಿಕೆಯಾಯಿತಲ್ಲ ಎಂದು ಸಿಟ್ಟು ಬಂತು. ಬನಿಯನ್ ಬಟ್ಟೆಗೆ ಅಗಲದ ಎಲಾಸ್ಟಿಕ್ ಕೊಟ್ಟು ತಾನೇ ಹೊಲಿದುಕೊಂಡಳು. ಹಾಕಿಕೊಂಡರೆ ಒಳಗೆ ಹೋದ ಉಸಿರು ಹೊರಗೆ ಬರಲೊಲ್ಲದು. ಬಿಚ್ಚಿ, ಸಡಿಲ ಬಿಟ್ಟು, ಮತ್ತೆ ಹೊಲಿದಳು. ಹಾರಿ ಹಾರಿ ಹಲ್ಲಿಗೆ ಬಡಿಯುತ್ತಿದ್ದ ತಾಳಿಯನ್ನೂ ಅದಕ್ಕೇ ಪಿನ್ನು ಹಾಕಿ ಕೂರಿಸಿದಳು.

ಶೂ ಮಾತ್ರ ಹೊಲಿಯಲು ಬರುವುದಿಲ್ಲವಲ್ಲ. ಹಳೇ ಚಪ್ಪಲಿಯ ಅಳತೆ ಒಯ್ದು ದಿವ್ಯಾ ಚಿತ್ರದುರ್ಗದಿಂದ ತಂದುಕೊಟ್ಟಳು. ಪಾದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಚಪ್ಪಲಿಯಲ್ಲಿ ಬಯಲಿಗಿರುವ ಕಾಲುಂಗುರಕ್ಕೆ ಶೂ ಒಳಗೂ ಜಾಗ ಬೇಕೆಂಬುದು ಟೀಚರಿಗೂ ಹೊಳೆದಿರಲಿಲ್ಲ, ಟೈಲರಿಗೂ ಹೊಳೆದಿರಲಿಲ್ಲ. ತೋಟದ ದಾರಿ ಮುಗಿಯುವಷ್ಟರಲ್ಲಿ ಉಂಗುರಗಳು ಪಕ್ಕದ ಬೆರಳನ್ನು ಕಚ್ಚಿ ಗುಳ್ಳೆ ಎಬ್ಬಿಸಿದ್ದವು. ಅರ್ಧ ದಾರಿ ಕುಂಟಿಕೊಂಡೇ ಬಂದಳು. ಓಟಕ್ಕೆ ಉಳಿದದ್ದು ಒಂದೇ ವಾರ. ಓಡುವಷ್ಟು ಹೊತ್ತು ತೆಗೆದಿಟ್ಟರಾಯಿತು ಎಂದು ದಿವ್ಯಾ ಹೇಳುತ್ತಿದ್ದದ್ದು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕೊಟ್ರಮ್ಮನ ಕಿವಿಗೆ ಬಿತ್ತು.

"ಲೇ ಪಲ್ಲವಿ, ಏನ್ ತೆಗಿತೀಯ?"

"ಕಾಲುಂಗ್ರ ಅತ್ತೆ. ಓಡೋವಾಗ ಅಷ್ಟೇ."

"ನನ್ ಮಗ ಅಲ್ಲಿ ಕುಂತು ಉಪ್ಪಿಟ್ಟು ತಿಂತಾ ಅವ್ನೆ. ಕಣ್ಣಿಗೆ ಕಾಣಲ್ವೇನೆ?"

"ತೆಗಿಲಿ ಬಿಡವ್ವ, ನಂಗೇನೂ ಆಗಲ್ಲ" ಎಂದ ಒಳಗಿನಿಂದ ಪ್ರಭುಲಿಂಗ.

"ನಿನ್ನ ಯಾರು ಕೇಳಿದ್ರು? ಇದು ಹೆಂಗಸ್ರ ವಿಷ್ಯ. ನೀನು ತಿನ್ನು."

ಆಮೇಲೆ ಎರಡು ದಿನ ಪಲ್ಲವಿ ಶೂವನ್ನು ಮುಟ್ಟಲಿಲ್ಲ. ರವಿಕೆಯೊಂದಕ್ಕೆ ಎರಡೂ ಎಡಗೈ ತೋಳು ಹೊಲಿದಿಟ್ಟಳು. ಅದನ್ನು ನೋಡಿದ ಕೊಟ್ರಮ್ಮ ಏನನ್ನೋ ಯೋಚಿಸಿ, ಅರಿಶಿಣದ ಡಬ್ಬಿ ಮತ್ತು ದಾರದ ಉಂಡೆ ಹಿಡಿದು ಮೆಷಿನ್ನಿನ ಪಕ್ಕ ಬಂದು ಕೂತಳು.

"ತಾಳಿ ಹರಿದ್ರೆ ಏನ್ ಮಾಡ್ತೀವಿ? ಅರಿಶಿಣದ ಕೊಂಬು ಕಟ್ಕಂತೀವಿ. ಕೊರಳಿಗೆ ಆಗಿದ್ದು ಕಾಲಿಗೆ ಯಾಕಾಗಬಾರ್ದು? ಕೊಡು ಕಾಲು."

ಮೊದಲು ಕೊಂಬನ್ನೇ ಬೆರಳಿಗೆ ಕಟ್ಟಿ ನೋಡಿದಳು. ಇದಕ್ಕಿಂತ ಉಂಗುರವೇ ವಾಸಿ ಎಂದು ಪಲ್ಲವಿ ನರಳಿದಳು. ಕೊನೆಗೆ ಕೊಂಬು ಡಬ್ಬಿಗೆ ಹೋಯಿತು, ಅರಿಶಿಣ ಸವರಿದ ದಾರ ಬೆರಳಿಗೆ ಬಂತು. ಆದರೆ ಕೊಟ್ರಮ್ಮನದು ಒಂದು ಷರತ್ತು: ಚಿತ್ರದುರ್ಗಕ್ಕೆ ತಾನೂ ಬರುವವಳೇ, ಉಂಗುರ ತನ್ನ ಸೆರಗಿನಲ್ಲೇ ಇರಬೇಕು, ಓಡಿ ಮುಗಿದ ಕೂಡಲೇ ಹಾಕಿಕೊಳ್ಳಬೇಕು.

ಭಾನುವಾರ ಮೈದಾನದ ಅಂಚಿನಲ್ಲಿ ಕೊಟ್ರಮ್ಮ ಸೊಸೆಯ ಬೆರಳಿಗೆ ದಾರ ಸುತ್ತುತ್ತಿದ್ದಾಗ, ಪಕ್ಕದಲ್ಲಿ ಶೂ ಬಿಚ್ಚಿ ನೋಯುವ ಬೆರಳಿಗೆ ಬಾಯಿಂದ ಗಾಳಿ ಊದಿಕೊಳ್ಳುತ್ತಿದ್ದ ಹೊಳಲ್ಕೆರೆಯ ಹೆಂಗಸೊಬ್ಬಳು ಅದನ್ನೇ ನೋಡಿದಳು. ನೋಡಿ, ತನ್ನ ಕಾಲನ್ನೂ ಮುಂದೆ ಚಾಚಿದಳು. ಅವಳ ಹಿಂದೆ ಹಿರಿಯೂರಿನ ಅಕ್ಕತಂಗಿಯರು. ಅವರ ಹಿಂದೆ ಸಾಲು. ತೆಗೆದ ಉಂಗುರಗಳೆಲ್ಲ ಕೊಟ್ರಮ್ಮನ ಸೆರಗಿನ ಒಂದೇ ಗಂಟಿಗೆ ಬಿದ್ದವು. ಸೀಟಿ ಊದಿದಾಗಲೂ ಯಾರದೋ ಕಾಲ್ಬೆರಳು ಅವಳ ಕೈಯಲ್ಲಿತ್ತು. ಆ ಹೆಂಗಸು ಒಂದು ಶೂ ಕೈಯಲ್ಲಿ ಹಿಡಿದೇ ಓಡಿದಳು.

ಪಲ್ಲವಿ ಓಡಿದಳು. ಏರು ಬಂದಾಗ ಪಕ್ಕೆ ಹಿಡಿಯಿತು. ಷರಬತ್ತಿನ ಪೆಂಡಾಲಿನವರು ಕರೆದರು, ಮುಂದೆ ಹೋಗುತ್ತಿದ್ದವರು ನಿಂತು ಸೆಲ್ಫಿ ತೆಗೆದುಕೊಂಡರು. ಬೆರಳುಗಳು ತೆಪ್ಪಗಿದ್ದವು, ಎಲಾಸ್ಟಿಕ್ ಹಿಡಿದಿತ್ತು, ಅವಳು ನಿಲ್ಲಲಿಲ್ಲ. ಕೊನೆ ಮುಟ್ಟಿದಾಗ ಹುಡುಗರು ರಿಬ್ಬನ್ ಸುತ್ತಿಡುತ್ತಿದ್ದರು.

ಅತ್ತ ಕೊಟ್ರಮ್ಮನ ಸುತ್ತ ಸಂತೆ ನೆರೆದಿತ್ತು. ಸೆರಗಿನ ಮೇಲೆ ಹರಡಿದ ಬೆಳ್ಳಿಯೆಲ್ಲ ಒಂದೇ ಥರ. ಇದು ನಂದಲ್ಲ, ನಂದು ಸವೆದಿತ್ತು ಎಂದು ಒಬ್ಬಳು, ಯಾವುದಾದರೂ ಸರಿ, ಬಸ್ಸಿಗೆ ಹೊತ್ತಾಯಿತು ಎಂದು ಇನ್ನೊಬ್ಬಳು. ಆ ಗದ್ದಲದಲ್ಲೂ ಕೊಟ್ರಮ್ಮ ತಲೆಯೆತ್ತಿ ಕೇಳಿದಳು.

"ನಡುವೆ ಎಲ್ಲಾದ್ರೂ ನಿಂತ್ಯಾ?"

"ಇಲ್ಲ ಅತ್ತೆ."

ಕೊಟ್ರಮ್ಮ ಸೊಸೆಯ ಉಂಗುರಗಳನ್ನು ಹುಡುಕಿ ತೆಗೆದಳು. ಕಾಲು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಬೆರಳು ಊದಿತ್ತು, ದಾರ ಬೆವರಿಗೆ ಒದ್ದೆಯಾಗಿ ಅಂಟಿತ್ತು. ಉಂಗುರ ಒಳಗೆ ಇಳಿಯಲಿಲ್ಲ. ಅವನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು.

"ದಾರನೇ ಇರ್ಲಿ ಬಿಡು. ನಾಳೆ ಬೆಳಿಗ್ಗೆ ಮತ್ತೆ ಓಡಾಕೆ ಹೊಂಟ್ರೆ ಉಂಗ್ರ ಬಿಚ್ಚೋರ್ಯಾರು?"