‘ಇರಲಿ ಬಿಡು’ ಎಂಬುದರ ಇಂಗ್ಲಿಷ್

೧೯೭೪ರಲ್ಲಿ ನಾನು ಶಿಕಾಗೊದ ಒಂದು ಕಚೇರಿಯಲ್ಲಿ ಸಿ.ಪಿ.ಎ., ಅಂದರೆ ಪರವಾನಗಿ ಪಡೆದ ಲೆಕ್ಕಪರಿಶೋಧಕನಾಗಿದ್ದೆ. ಮನೆ ಲಿಸ್ಲ್‌ನಲ್ಲಿ. ಆಗ ಸುತ್ತಮುತ್ತ ಕನ್ನಡದವರು ಬೆರಳೆಣಿಕೆಯಷ್ಟು. ಯಾರಿಗೆ ಟ್ಯಾಕ್ಸಿನ ಕಾಗದ ಬಂದರೂ ನಮ್ಮ ಮನೆಗೆ ಫೋನು. ಆ ವಸಂತದಲ್ಲಿ ಫೋನು ಮಾಡಿದವರು ಧಾರವಾಡದ ಎಂಜಿನಿಯರ್ ಶಿವನಗೌಡರು. ಡೆಟ್ರಾಯಿಟ್ ಪಕ್ಕದ ವಾರನ್‌ನಲ್ಲಿ ಅವರದೊಂದು ಮಷೀನ್ ಶಾಪ್ ಇತ್ತು.

“ಕಂಪನಿ ರೊಕ್ಕ ಎಲ್ಲೋ ಸೋರಾಕತ್ತೇತ್ರಿ ಸರ್. ಒಮ್ಮೆ ಬಂದು ನೋಡ್ರಿ” ಅಂದರು.

ಕಂಪನಿ ಅರ್ಧ ಅವರದು, ಅರ್ಧ ಬೆಂಗಳೂರಿನ ರಘುನಾಥನದು. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಅಡುಗೆ ಮಾಡಿಕೊಂಡು ಉಂಡವರು. ಕಾರಿನ ಬ್ರೇಕಿಗೆ ಬೇಕಾದ ಸಣ್ಣ ಬಿಡಿಭಾಗಗಳನ್ನು ತಯಾರಿಸುತ್ತಿದ್ದರು. ಗೌಡರದು ಯಂತ್ರಗಳ ಕಡೆ, ರಘುನಾಥನದು ಗಿರಾಕಿ ಮತ್ತು ಬ್ಯಾಂಕು. ಈಗ ಉಕ್ಕು ಪೂರೈಸುವವರು ಬಾಕಿಗಾಗಿ ಲಾರಿ ನಿಲ್ಲಿಸಿದ್ದರು. ಗಿರಾಕಿಗಳೋ ಹಣ ಆಗಲೇ ಕಳಿಸಿದ್ದೇವೆ ಎನ್ನುತ್ತಿದ್ದರು. ಯಂತ್ರಗಳ ಸಾಲಕ್ಕೆ ಗೌಡರು ತಮ್ಮ ಮನೆಯನ್ನೇ ಅಡವಿಟ್ಟಿದ್ದರು. ಕಂಪನಿ ಮುಳುಗಿದರೆ ಮನೆಯೂ ಹೋಗುತ್ತಿತ್ತು.

ನಾನು ಗಿರಾಕಿಗಳಿಂದ ನಗದಾದ ಚೆಕ್ಕುಗಳ ಎರಡೂ ಬದಿಯ ನಕಲು ತರಿಸಿದೆ. ಆಗೆಲ್ಲ ನಗದಾದ ಚೆಕ್ಕು ಬರೆದವರಿಗೇ ವಾಪಸು ಬರುತ್ತಿತ್ತು. ಅದು ಯಾವ ಖಾತೆ ಸೇರಿತೆಂದು ಹಿಂಬದಿಯ ಮುದ್ರೆ ಹೇಳುತ್ತಿತ್ತು. ಒಂಬತ್ತು ಚೆಕ್ಕುಗಳ ಹಿಂದೆ ಗೌಡರು ಹೆಸರೇ ಕೇಳಿರದ ಬ್ಯಾಂಕಿನ ಮುದ್ರೆ, ಪಕ್ಕದಲ್ಲಿ ರಘುನಾಥನ ಸಹಿ. ಒಟ್ಟು ಇಪ್ಪತ್ತೇಳು ಸಾವಿರ ಡಾಲರ್. ಗೌಡರು ಆ ಸಹಿ ನೋಡಿದರು. ಆಮೇಲೆ ಎದ್ದು ಹೋಗಿ, ಆಗಲೇ ಒರೆಸಿಟ್ಟಿದ್ದ ಲೇತ್ ಯಂತ್ರವನ್ನು ಮತ್ತೆ ಒರೆಸತೊಡಗಿದರು.

ಮರುದಿನ ಅವರ ಸಿಟ್ಟು ನೆತ್ತಿಗೇರಿತ್ತು. ಶಾಪಿನ ಬೀಗ ಬದಲಿಸಿ, ಬ್ಯಾಂಕಿನಲ್ಲಿ ಉಳಿದದ್ದನ್ನೆಲ್ಲ ತೆಗೆದುಬಿಡುತ್ತೇನೆ ಎಂದರು. ಅವರ ವಕೀಲ ಕೊವಾಲ್ಸ್ಕಿ ತಡೆದ. ಹಾಗೆ ಮಾಡಿದರೆ ನಾಳೆ ಕಟಕಟೆಯಲ್ಲಿ ನಿಲ್ಲುವವರು ನೀವೇ ಎಂದ. ಪೊಲೀಸರಿಗೆ ದೂರು ಕೊಡಬಹುದು. ಆದರೆ ಆಮೇಲೆ ಕೇಸು ಸರ್ಕಾರದ್ದು, ಬೇಡವೆಂದರೂ ಕೈಗೆ ಬರುವುದಿಲ್ಲ. ರಘುನಾಥ ಗ್ರೀನ್ ಕಾರ್ಡಿನ ಮನುಷ್ಯ, ಶಿಕ್ಷೆಯಾದರೆ ದೇಶದಿಂದಲೇ ಹೊರಗೆ ಹಾಕಬಹುದು. ಇನ್ನೊಂದು ದಾರಿ ಸಿವಿಲ್ ದಾವೆ: ಪಾಲುದಾರ ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕೆಂದು ಕೇಳುವುದು, ಅಲ್ಲಿಯವರೆಗೆ ಆ ಗುಟ್ಟಿನ ಖಾತೆಗೆ ತಡೆಯಾಜ್ಞೆ ತರುವುದು. ಯಾವುದೂ ಆಗದಿದ್ದರೆ ಕೋರ್ಟು ನೇಮಿಸುವ ರಿಸೀವರ್ ಬಂದು ಕಂಪನಿಯನ್ನೇ ವಶಕ್ಕೆ ತೆಗೆದುಕೊಳ್ಳುತ್ತಾನೆ.

“ಪೊಲೀಸ್ರು ಬ್ಯಾಡ್ರಿ” ಎಂದರು ಗೌಡರು. “ಅವನ ಮಗಳ್ನ ಈಗಷ್ಟ ಸಾಲಿಗೆ ಹಾಕ್ಯಾರ.”

ಸಿವಿಲ್ ದಾವೆಯನ್ನೇ ಹೂಡಿದರು, ತಡೆಯಾಜ್ಞೆಯೂ ಸಿಕ್ಕಿತು. ಅಷ್ಟರಲ್ಲಿ ರಘುನಾಥನ ವಕೀಲ ಗೌಡರದೇ ಒಂದು ಕಾಗದ ಮುಂದಿಟ್ಟ. ಹಿಂದಿನ ವರ್ಷ ಗೌಡರು ತಂದೆಯ ತಿಥಿಗೆಂದು ಧಾರವಾಡಕ್ಕೆ ಹೋಗಿದ್ದಾಗ ರಘುನಾಥ ಕಂಪನಿಯಿಂದ ಬೇರೆಯೇ ನಾಲ್ಕು ಸಾವಿರ ಡಾಲರ್ ತೆಗೆದು ಮನೆ ಕೊಳ್ಳಲು ಬಳಸಿ, ಆಮೇಲೆ ಕಾಗದ ಬರೆದು ತಿಳಿಸಿದ್ದ. ಅದಕ್ಕೆ ಗೌಡರ ಉತ್ತರ: “ಹೇಳದೆ ತೆಗೆದುಕೊಂಡೆ. ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಇರಲಿ ಬಿಡು.” ಕೊನೆಯ ಎರಡು ಪದಕ್ಕೆ ‘ಪರವಾಗಿಲ್ಲ, ಇಟ್ಟುಕೋ’ ಎಂಬರ್ಥದ ಇಂಗ್ಲಿಷ್ ಹಾಕಿ, ಮುಂದೆ ತೆಗೆದದ್ದಕ್ಕೂ ಇದೇ ಒಪ್ಪಿಗೆ ಎಂದು ಆ ವಕೀಲ ವಾದಿಸಿದ. ಕೋರ್ಟು ಇದನ್ನು ನಂಬಿದರೆ ದಾವೆ ಅಲ್ಲಿಗೇ ಮುಗಿದಂತೆ.

ಕನ್ನಡ ಬಲ್ಲ ಬೇರೆ ಭಾಷಾಂತರಕಾರ ಸಿಗದೆ ಎರಡೂ ಕಡೆಯವರು ನನ್ನನ್ನೇ ಒಪ್ಪಿದರು. “ನೀವು ಏನ್ ಬರೆದ್ರೂ ನಂಗೆ ಓಕೆ ಸಾರ್” ಎಂದ ರಘುನಾಥ.

ಲೆಕ್ಕದವನಾದ ನಾನು ಎರಡು ಪದಕ್ಕೆ ಮೂರು ದಿನ ತೆಗೆದುಕೊಂಡೆ. ನಮ್ಮಮ್ಮ ಹಾಲು ಚೆಲ್ಲಿದರೂ ‘ಇರಲಿ ಬಿಡು’ ಅನ್ನುತ್ತಿದ್ದಳು, ನಾದಿನಿ ಮದುವೆಗೆ ಕರೆಯದಿದ್ದಾಗಲೂ ಅದನ್ನೇ ಅಂದಿದ್ದಳು. ಹಾಲನ್ನು ಮರೆತಳು, ನಾದಿನಿಯನ್ನು ಕೊನೆಯವರೆಗೂ ಮರೆಯಲಿಲ್ಲ.

“ಸಿಟ್ಟಿನ್ಯಾಗ ಬರದೇನ್ರಿ, ಕೊಟ್ಟೇನಿ ಅಂತ ಬರದಿಲ್ಲ” ಎಂದರು ಗೌಡರು. ಅವರು ಹೇಳಿದಂತೆಯೇ ಬರೆಯಲು ನನಗೂ ಆಸೆಯಿತ್ತು. ಆದರೆ ಪ್ರಮಾಣ ಮಾಡಿ ಬರೆಯುವ ಕಾಗದ ಅದು. ‘ಹೇಳುವವನಿಗೆ ನೋವಾಗಿದೆ, ಆದರೂ ಆಗಿಹೋದ ಈ ವಿಷಯವನ್ನು ಮತ್ತೆ ಎತ್ತುವುದಿಲ್ಲ. ಮುಂದಿನದರ ಬಗ್ಗೆ ಈ ಮಾತು ಏನನ್ನೂ ಹೇಳುವುದಿಲ್ಲ’ ಎಂದು ಬರೆದೆ. ಅಲ್ಲಿಗೆ ಮೊದಲ ನಾಲ್ಕು ಸಾವಿರ ಹೋಯಿತು, ಚೆಕ್ಕುಗಳ ಇಪ್ಪತ್ತೇಳು ಸಾವಿರ ಮಾತ್ರ ಉಳಿಯಿತು. ಗೌಡರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ವಿಚಾರಣೆಗೆ ಮುಂಚೆ ವಕೀಲರ ಕಚೇರಿಯಲ್ಲಿ ಪ್ರಮಾಣದ ಮೇಲೆ ಹೇಳಿಕೆ ಪಡೆಯುತ್ತಾರೆ; ಅದಕ್ಕೆ ಡಿಪೊಸಿಷನ್ ಎನ್ನುತ್ತಾರೆ. ಅಲ್ಲಿ ಕೊವಾಲ್ಸ್ಕಿ ಆ ಕಾಗದವನ್ನು ಕನ್ನಡದಲ್ಲೇ ಗಟ್ಟಿಯಾಗಿ ಓದುವಂತೆ ರಘುನಾಥನಿಗೆ ಹೇಳಿದ. ಅವನು ‘ಕೇಳಿದ್ದರೆ ಕೊಡುತ್ತಿರಲಿಲ್ಲವೇ’ ಎಂಬಲ್ಲಿಗೆ ಬಂದು ನಿಂತ. ಮುಂದಿನ ಎರಡು ಪದ ಓದದೆ ಕಾಗದವನ್ನು ಕೆಳಗಿಟ್ಟ.

“ಇದಾದ ಮೇಲೆ ಒಮ್ಮೆಯಾದರೂ ಕೇಳಿದಿರಾ?” ಎಂದ ಕೊವಾಲ್ಸ್ಕಿ.

ರಘುನಾಥ ಇಂಗ್ಲಿಷ್ ಬಿಟ್ಟು ಗೌಡರತ್ತ ತಿರುಗಿದ. “ಕೇಳ್ಲಿಲ್ಲ ಕಣೋ. ಕೇಳಿದ್ರೆ ಕೊಟ್ಬಿಡ್ತಿದ್ದೆ ನೀನು. ಅದಕ್ಕೇ ನಾಚಿಕೆ ಆಯ್ತು.”

ಆ ಮಾತನ್ನೂ ದಾಖಲೆಗಾಗಿ ನಾನೇ ಇಂಗ್ಲಿಷಿಗೆ ತಿರುಗಿಸಬೇಕಾಯಿತು.

ವಿಚಾರಣೆಗೆ ಮುಂಚೆಯೇ ರಾಜಿಯಾಯಿತು. ಇಪ್ಪತ್ತೇಳು ಸಾವಿರವನ್ನು ಕಂತಿನಲ್ಲಿ ತೀರಿಸಲು ರಘುನಾಥ ಒಪ್ಪಿದ, ತನ್ನ ಪಾಲನ್ನು ಗೌಡರಿಗೆ ಬಿಟ್ಟುಕೊಟ್ಟ. ಗೌಡರ ಮನೆ ಉಳಿಯಿತು. ಆದರೆ ಇಬ್ಬರೂ ಮತ್ತೆ ಒಟ್ಟಿಗೆ ಕೂತು ಊಟ ಮಾಡಿದ್ದನ್ನು ನಾನು ಕಾಣೆ.

ವಂಚನೆಗೆ ಕಾನೂನಿನಲ್ಲಿ ಹಲವು ದಾರಿಗಳಿವೆ. ಮೊದಲ ಸಲ ಬಾಯಿಬಿಟ್ಟು ಬೇಡ ಅನ್ನದವನಿಗೆ ಅವೆಲ್ಲ ಸುತ್ತುದಾರಿ. ಇದನ್ನು ನನಗೆ ಕಲಿಸಿದವರು ಗೌಡರೇ. ನನ್ನ ಫೀಸಿನ ಬಿಲ್ಲು ತೀರಿಸಲು ಬಂದ ದಿನ ಅದನ್ನು ಎರಡು ಸಲ ಓದಿ, “ವಾರನ್‌ಗೆ ಬಂದು ಹೋದ ಕಾರಿನ ಪೆಟ್ರೋಲಿನ ರೊಕ್ಕ ಹಿಡದಿಲ್ಲಲ್ರಿ” ಎಂದರು.

“ಇರಲಿ ಬಿಡಿ” ಎಂದೆ.

ಅವರು ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದಿಟ್ಟರು. “ಬ್ಯಾಡ ಅಂತ ಬರದು ಸಹಿ ಹಾಕ್ರಿ” ಎಂದರು.

ಬರೆದು ಸಹಿ ಹಾಕಿ ಕೊಟ್ಟೆ.