ಮೊಮ್ಮಗಳ ಪಥ್ಯಕ್ಕೆ ನಾನು ಹುಟ್ಟಿಸಿದ ವೈದ್ಯರು

ತಮಿಳುನಾಡಿನಲ್ಲಿರುವ ನಮ್ಮ ನಲ್ಲಂಪಳ್ಳಿಯ ಸುತ್ತಮುತ್ತ ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ತೊಂಬತ್ತರ ದಶಕದಲ್ಲಿ ನಾನು ಹೇಳಿದ ಒಂದು ಸುಳ್ಳು ನನ್ನ ಮೊಮ್ಮಗಳ ಹೊಟ್ಟೆ ತುಂಬಿಸಿತು.

ಆಗ ಅವಳಿಗೆ ಎಂಟು ವರ್ಷ. ಬೆಳಿಗ್ಗೆ ಏಳುವಾಗ ಮಂಡಿ, ಮಣಿಕಟ್ಟು ಊದಿಕೊಂಡು ಬಿಗಿದಿರುತ್ತಿದ್ದವು. ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಸೇಲಂ ಆಸ್ಪತ್ರೆಯ ಡಾಕ್ಟರಮ್ಮ ಮಕ್ಕಳಿಗೂ ಸಂಧಿವಾತ ಬರುತ್ತದೆ ಎಂದಾಗ ನಾನು ನಕ್ಕುಬಿಟ್ಟೆ. ಅದು ನನ್ನಂಥ ಮುದುಕರ ಆಸ್ತಿ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಮಾತ್ರೆ ತಪ್ಪಿದರೆ ಕೀಲುಗಳು ಹಾಗೆಯೇ ಬಿಗಿದು ನಿಲ್ಲಬಹುದು, ಖಾಲಿ ಹೊಟ್ಟೆಗೆ ಕೊಡಬೇಡಿ, ಎಲ್ಲವನ್ನೂ ತಿನ್ನಿಸಿ ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳಿ ಕಳಿಸಿದರು.

ಎಲ್ಲವನ್ನೂ ತಿನ್ನಿಸುವುದಕ್ಕೆ ಜನ ಬಿಡಬೇಕಲ್ಲ. ತಾರಮಂಗಲದಿಂದ ಬಂದ ನನ್ನ ಹೆಂಡತಿಯ ಅಕ್ಕ ಬದನೆಕಾಯಿ ವಾಯು ಎಂದು ಬಿಡಿಸಿದರು, ಮೊಸರು ಶೀತ ಎಂದು ಅದನ್ನೂ ಬಿಡಿಸಿದರು. ಪಕ್ಕದ ಮನೆಯವರ ಪ್ರಕಾರ ಕಡಲೆಕಾಯಿ ಪಿತ್ತ, ಎದುರು ಮನೆಯವರ ಪ್ರಕಾರ ಬಾಳೆಹಣ್ಣು ಕಫ. ಬೇಳೆ ಮತ್ತೆ ವಾಯು. ನೋಡಲು ಬಂದವರೆಲ್ಲ ಬರಿಗೈಯಲ್ಲಿ ಬಂದು, ಹೋಗುವಾಗ ನಮ್ಮ ಅಡುಗೆಮನೆಯಿಂದ ಒಂದೊಂದು ಪದಾರ್ಥ ಎತ್ತಿಕೊಂಡು ಹೋದರು. ಉಳಿದದ್ದು ಅನ್ನ, ಮೆಣಸಿನ ಸಾರು. ನನ್ನ ಸೊಸೆ ಹೆದರಿದ ತಾಯಿ, ಎಲ್ಲರ ಮಾತನ್ನೂ ಪಾಲಿಸಿದಳು. ಮಗು ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಿತ್ತು. ಆಮೇಲೆ ಮಾತ್ರೆ ನುಂಗಿದರೆ ಹೊಟ್ಟೆಯುರಿ, ವಾಂತಿ. ಮಾತ್ರೆ ಹೊರಗೆ, ಊತ ಒಳಗೆ.

ನಾನು ಡಾಕ್ಟರಮ್ಮನ ಮಾತನ್ನು ನೆನಪಿಸಿದೆ.

"ಅವ್ರು ಪಥ್ಯಾನೇ ಏಳ್ಲಿಲ್ವಲ್ಲ ಮಾವ," ಅಂದಳು ಸೊಸೆ. "ಪಥ್ಯ ಇಲ್ದಿರೋ ಔಸ್ದಿ ಎಲ್ಲಾದ್ರೂ ಐತಾ?"

ಅಲ್ಲಿಗೆ ನನಗೆ ದಾರಿ ಸಿಕ್ಕಿತು. ನಮ್ಮವರಿಗೆ ತಿನ್ನು ಅಂದರೆ ನಂಬಿಕೆ ಬರುವುದಿಲ್ಲ, ತಿನ್ನಬೇಡ ಅಂದರೆ ಬರುತ್ತದೆ. ಮರುದಿನ ಧರ್ಮಪುರಿಗೆ ಹೋಗಿ ಬಂದವನು, ಬೆಟ್ಟದ ಕಡೆಯ ಮಹಾ ವೈದ್ಯರೊಬ್ಬರನ್ನು ಕಂಡೆ ಎಂದು ಜಗಲಿಯ ಮೇಲೆ ಕೂತು ಹೇಳಿದೆ. ನಿಜವಾಗಿ ಕಂಡದ್ದು ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮಾತ್ರ. ವೈದ್ಯರಿಗೆ ಹೊಕ್ಕುಳವರೆಗೆ ಗಡ್ಡ ಬೆಳೆಸಿದೆ. ಪಥ್ಯ ಬಲು ಕಠಿಣ ಎಂದೆ: ಹಿಂದಿನ ದಿನವೇ ಹುಳಿಯಲು ಇಟ್ಟ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಬೆಳಿಗ್ಗೆ ಕುಡಿಯಲೇಬೇಕು. ಮಧ್ಯಾಹ್ನ ಬೇಳೆ, ನುಗ್ಗೆಸೊಪ್ಪು. ಸಂಜೆ ಬಾಳೆಹಣ್ಣು, ಬೇಯಿಸಿದ ಕಡಲೆಕಾಯಿ. ಹೊಟ್ಟೆ ತುಂಬಿದ ಮೇಲೆಯೇ ಸೇಲಂ ಮಾತ್ರೆ, ಅದನ್ನು ಒಂದು ಹೊತ್ತೂ ಬಿಡುವಂತಿಲ್ಲ. ಸೊಸೆ ಇನ್ನೂ ಅನುಮಾನದಿಂದಲೇ ನೋಡುತ್ತಿದ್ದಳು. ಆಗ 'ಬೇಡ'ವನ್ನು ಹೊರತೆಗೆದೆ.

"ಬೇರೇರು ಏಳೋ ಪಥ್ಯ ಮಗಿನ್ ಕಿವಿಗ್ ಬೀಳ್ಕೂಡ್ದು. ಬಿದ್ರೆ ಎಲ್ಲಾ ಕೆಟ್ಟೋಯ್ತದೆ."

ಅವಳ ಮುಖದಲ್ಲಿ ಭಕ್ತಿ ಮೂಡಿತು.

ಹೆಂಡತಿಯ ಅಕ್ಕ ಮತ್ತೆ ಬಂದರು. ಅಂಬಲಿಯ ಲೋಟ ನೋಡಿ ಬಾಯಿ ತೆರೆದದ್ದೇ ತಡ, ಸೊಸೆ ಓಡಿ ಬಂದು ಮಗುವಿನ ಎರಡೂ ಕಿವಿ ಮುಚ್ಚಿದಳು. ಪಾಪ, ಅವರು ಕಾಫಿ ಕುಡಿದು ತಮ್ಮ ಊರಿನ ನೇಯ್ಗೆ ಮಗ್ಗದ ಸುದ್ದಿಯಷ್ಟೇ ಆಡಿ ಹೊರಟರು.

ಮೊಮ್ಮಗಳು ಮಾತ್ರ ನನ್ನ ರಕ್ತ. ಒಂದು ಸಂಜೆ ನಾನು ಕಡಲೆಕಾಯಿ ಸುಲಿದು ಕೊಡುತ್ತಿದ್ದಾಗ ಕೇಳಿದಳು: "ತಾತ, ಆ ವೈದ್ಯರ್ಗೂ ನಿನ್ನಂಗೇ ಕಳ್ಳೇಕಾಯಂದ್ರೆ ಆಸೇನಾ?"

"ದೊಡ್ಡೋರೆಲ್ಲಾ ಒಂದೇ ತರ ಕಣವ್ವ. ತಿನ್ನು."

ತಿಂದಳು. ಮಾತ್ರೆ ಹೊಟ್ಟೆಯಲ್ಲಿ ನಿಲ್ಲತೊಡಗಿತು.

ಕೆಲವು ತಿಂಗಳ ಮೇಲೆ ಸೇಲಮಿನಲ್ಲಿ ಡಾಕ್ಟರಮ್ಮ ಅವಳ ಮಂಡಿಯನ್ನು ಮಡಿಸಿ, ಬಿಡಿಸಿ ನೋಡಿದರು. ಊತ ಇಳಿದಿತ್ತು. ಸೊಸೆ ವೈದ್ಯರ ಮಹಿಮೆ ವರ್ಣಿಸಿದಳು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ಫ್ಯಾನ್ ನೋಡುತ್ತಿದ್ದೆ. ಅವರಿಗೆ ಅರ್ಥವಾಯಿತು. ಊತ ಇಳಿಸಿದ್ದು ಮಾತ್ರೆ, ಮಾತ್ರೆಯನ್ನು ತಾಳಿಕೊಂಡದ್ದು ತುಂಬಿದ ಹೊಟ್ಟೆ ಎಂದರು. ಕರುಳಿಗೂ ಕೀಲಿಗೂ ಅದಕ್ಕಿಂತ ಹೆಚ್ಚಿನ ನಂಟು ಇರಬಹುದು, ಇನ್ನೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಮಾತ್ರೆ, ಊಟ ಎರಡನ್ನೂ ಮುಂದುವರಿಸಿ ಎಂದರು. ನಾನು ದೊಡ್ಡ ಮನಸ್ಸು ಮಾಡಿ ಅರ್ಧ ಕೀರ್ತಿ ಅವರಿಗೆ ಬಿಟ್ಟುಕೊಟ್ಟೆ.

ಸೇಲಂ ಬಸ್ ಸ್ಟ್ಯಾಂಡಿನಲ್ಲಿ ಧರ್ಮಪುರಿ ಬಸ್ಸಿಗೆ ಜನ ಮುಗಿಬಿದ್ದಿದ್ದರು. ನಾನು ಕಿಟಕಿಯಿಂದ ಸೀಟಿಗೆ ಹಾಕಲೆಂದು ಟವೆಲ್ ತೆಗೆಯುವಷ್ಟರಲ್ಲಿ ಮೊಮ್ಮಗಳು ಜನರ ಸಂದಿಯಲ್ಲಿ ನುಸುಳಿ ಮೆಟ್ಟಿಲು ಹತ್ತಿಬಿಟ್ಟಿದ್ದಳು. ತನಗೊಂದು, ಅಮ್ಮನಿಗೊಂದು ಸೀಟು ಹಿಡಿದಳು. ನಲ್ಲಂಪಳ್ಳಿಯವರೆಗೆ ನಾನು ನಿಂತೇ ಬಂದೆ.